ಕುಡಿತ ನಿಂತ ಮೊದಲ ನಾಲ್ಕು ದಿನ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿತ್‌ಡ್ರಾಯಲ್ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಸಕಲೇಶಪುರದ ಕಡೆ ಕಾಫಿ ಹಣ್ಣು ಕೊಯ್ಲು ಶುರುವಾಗುವುದೂ ಅಯ್ಯಪ್ಪನ ಮಾಲೆ ಹಾಕುವುದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಇಪ್ಪತ್ತು ವರ್ಷ ದಿನ ಬಿಡದೆ ಕುಡಿದವರು ಒಂದು ಬೆಳಿಗ್ಗೆ ತಣ್ಣೀರು ಸ್ನಾನ ಮಾಡಿ ಮಾಲೆ ಹಾಕಿಕೊಳ್ಳುತ್ತಾರೆ. 41 ದಿನ ಮುಟ್ಟುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡುತ್ತಾರೆ. ಮೂರನೆಯ ರಾತ್ರಿ ತೋಟದ ಕೂಲಿಯವರ ಲೈನ್ ಮನೆಯಿಂದ ಫೋನ್ ಬರುತ್ತದೆ: "ಡಾಕ್ಟ್ರೇ, ಇವ್ರು ಗೋಡೆ ಮೇಲೆ ಹಾವು ಹರೀತಿದೆ ಅಂತಾರೆ, ಮೈಯೆಲ್ಲ ನಡುಗ್ತಿದೆ, ನನ್ನ ಗುರುತೇ ಸಿಗ್ತಿಲ್ಲ." ಮನೆಯವರಿಗೆ ಅದು ಗಾಳಿ ಸೋಕಿದ ಹಾಗೆ ಕಾಣುತ್ತದೆ, ಇಲ್ಲವೇ ದೇವರು ಮೈಮೇಲೆ ಬಂದ ಹಾಗೆ. ಅದು ಎರಡೂ ಅಲ್ಲ. ಮದ್ಯಕ್ಕೆ ಒಗ್ಗಿಹೋದ ಮಿದುಳಿಗೆ ಮದ್ಯ ಒಮ್ಮೆಲೇ ಸಿಗದೆ ಹೋದಾಗ ಆಗುವ ಕಾಯಿಲೆ ಅದು, ವಿತ್‌ಡ್ರಾಯಲ್ ಎನ್ನುವುದು ಇದಕ್ಕೇ. ಸರಿಯಾಗಿ ನೋಡಿಕೊಳ್ಳದಿದ್ದರೆ ಜೀವ ತೆಗೆಯುತ್ತದೆ.

ನನ್ನ ಕೆಲಸದ ಮೊದಲ ವರ್ಷ ಒಬ್ಬರು ಕಾಲು ಮುರಿದುಕೊಂಡು ಬಂದು ವಾರ್ಡಿನಲ್ಲಿ ಮಲಗಿದ್ದರು. ಮೂಳೆ ನೋಡಿದೆ, ನೋವಿಗೆ ಇಂಜೆಕ್ಷನ್ ಕೊಟ್ಟೆ, ಟಿ.ಟಿ. ಹಾಕಿಸಿದೆ. ಕುಡಿಯುತ್ತೀರಾ ಎಂದು ಕೇಳಲಿಲ್ಲ. ಎರಡನೆಯ ರಾತ್ರಿ ಫಿಟ್ಸ್ ಬಂದು ಮಂಚದಿಂದ ಬಿದ್ದರು. ಉಳಿದುಕೊಂಡರು, ಆದರೆ ಆ ರಾತ್ರಿ ನನ್ನನ್ನು ಬಿಟ್ಟಿಲ್ಲ. ವಿತ್‌ಡ್ರಾಯಲ್‌ನಲ್ಲಿ ಸಾಯುವವರಲ್ಲಿ ಹೆಚ್ಚಿನವರು ಔಷಧ ಇಲ್ಲದೆ ಸಾಯುವುದಲ್ಲ, ಯಾರೂ ಕೇಳದೆ ಸಾಯುತ್ತಾರೆ ಎಂದು ನಾನು ನಂಬುತ್ತೇನೆ. ಬೇಕಾದ ಮಾತ್ರೆಗಳು ಅಗ್ಗದವು, ಹಳೆಯವು, ಸರ್ಕಾರಿ ಸರಬರಾಜಿನಲ್ಲಿ ಬರುವಂಥವು.

ಇದನ್ನು ಬರೆಯುತ್ತಿರುವುದು ಪಿ.ಎಚ್.ಸಿ. ವೈದ್ಯರಿಗೆ, ಸ್ಟಾಫ್ ನರ್ಸ್‌ಗಳಿಗೆ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳಿಗೆ, ಆಶಾ ಕಾರ್ಯಕರ್ತೆಯರಿಗೆ. ಮನೆಯವರೂ ಓದಬಹುದು. ಆದರೆ ಇಲ್ಲಿರುವ ಮಾತ್ರೆಯ ಪ್ರಮಾಣಗಳು ವೈದ್ಯರು ರೋಗಿಯನ್ನು ಕಣ್ಣಾರೆ ಕಂಡು ನಿರ್ಧರಿಸಬೇಕಾದವು. ಮೆಡಿಕಲ್ ಸ್ಟೋರಿನಿಂದ ತಂದು ಮನೆಯಲ್ಲಿ ಕೊಡುವಂಥವಲ್ಲ.

ಮೊದಲು ಕೇಳಿ, ಎಲ್ಲರನ್ನೂ ಕೇಳಿ

"ಕುಡಿಯೋ ಅಭ್ಯಾಸ ಇದೆಯಾ?" ಎಂದರೆ "ಇಲ್ಲ" ಎಂಬ ಉತ್ತರವೇ ಬರುವುದು. "ಅಪರೂಪಕ್ಕೆ, ಮದುವೆ ಮುಂಜಿ ಅಂದಾಗ" ಎಂದೂ ಬರಬಹುದು. ಪ್ರಶ್ನೆಯನ್ನೇ ತಿರುಗಿಸಿ: "ಕೊನೇ ಸಲ ಯಾವಾಗ ತಗೊಂಡ್ರಿ? ಇವತ್ತು ಬೆಳಿಗ್ಗೆನಾ, ನಿನ್ನೆ ರಾತ್ರಿನಾ?" ಈ ಪ್ರಶ್ನೆಯಲ್ಲಿ ತಪ್ಪೊಪ್ಪಿಗೆ ಕೇಳಿದ ಹಾಗಿರುವುದಿಲ್ಲ, ಅದಕ್ಕೇ ಉತ್ತರ ಬರುತ್ತದೆ. ಗಂಟೆ ಸಮೇತ ಬರೆದುಕೊಳ್ಳಿ, ಮುಂದಿನ ಲೆಕ್ಕವೆಲ್ಲ ಆ ಗಂಟೆಯಿಂದಲೇ.

ಆಮೇಲೆ ಎಷ್ಟು ಎಂದು ಕೇಳಿ. ನಮ್ಮಲ್ಲಿ ಯಾರೂ ಮಿಲಿಲೀಟರ್‌ನಲ್ಲಿ ಹೇಳುವುದಿಲ್ಲ. ನೈಂಟಿ, ಕ್ವಾಟರ್, ಟೆಟ್ರಾ ಪ್ಯಾಕ್ ಎನ್ನುತ್ತಾರೆ. ಹೀಗೆ ಲೆಕ್ಕ ಹಾಕಿ: ನಮ್ಮ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ 100ಕ್ಕೆ 42.8 ಭಾಗ ಮದ್ಯಸಾರ. 90 ಮಿ.ಲೀ. ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ, 180 ಮಿ.ಲೀ. ಕ್ವಾಟರಿನಲ್ಲಿ ಸುಮಾರು 60 ಗ್ರಾಂ. ದಿನಕ್ಕೆ ಎರಡು ಕ್ವಾಟರ್ ಎಂದವರು 120 ಗ್ರಾಂ ಶುದ್ಧ ಮದ್ಯಸಾರ ಕುಡಿಯುತ್ತಿದ್ದಾರೆ. ನೀರು ಬೆರೆಸಿದರೂ ಅಷ್ಟೇ, ಬೆರೆಸದಿದ್ದರೂ ಅಷ್ಟೇ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು, ಕುಡಿತ ನಿಲ್ಲಲಿಲ್ಲ. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ ಬಂತು.

ಇನ್ನು ಮೂರು ಪ್ರಶ್ನೆ ಮರೆಯಬಾರದು. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಿ, ಸ್ವಲ್ಪ ಹಾಕಿದ ಮೇಲೆ ನಿಲ್ಲುತ್ತದೆಯೇ? ಹಿಂದೆ ಯಾವಾಗಲಾದರೂ ಕುಡಿತ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಇಲ್ಲದ್ದು ಕಂಡಿತ್ತೇ? ಜೊತೆಗೆ ನಿದ್ದೆ ಮಾತ್ರೆ, ನೋವಿನ ಮಾತ್ರೆ, ಗಾಂಜಾ ಏನಾದರೂ ಇದೆಯೇ? ಎರಡನೆಯ ಪ್ರಶ್ನೆಗೆ ಹೌದು ಎಂದರೆ ಈ ಸಲವೂ ಬರುವ ಸಾಧ್ಯತೆ ಹೆಚ್ಚು. ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡಿದಷ್ಟೂ ಪ್ರತಿ ಸಲದ ವಿತ್‌ಡ್ರಾಯಲ್ ಹಿಂದಿನದಕ್ಕಿಂತ ಜೋರಾಗುತ್ತ ಹೋಗುತ್ತದೆ.

ಹೆಂಡತಿಯನ್ನು ಅಥವಾ ತಾಯಿಯನ್ನು ಬೇರೆಯಾಗಿ ಕೂರಿಸಿ ಕೇಳಿ, ನಿಜವಾದ ಲೆಕ್ಕ ಅಲ್ಲಿ ಸಿಗುತ್ತದೆ. ಹೆಂಗಸು ರೋಗಿಯಾಗಿ ಬಂದಾಗಲೂ ಕೇಳಿ. ತೋಟದ ಲೈನುಗಳಲ್ಲಿ ಕುಡಿಯುವ ಹೆಂಗಸರಿದ್ದಾರೆ, ಅವರನ್ನು ಯಾರೂ ಕೇಳುವುದೇ ಇಲ್ಲ. ಅದರಲ್ಲೂ ಬೇರೆ ಕಾರಣಕ್ಕೆ ಮಲಗಿದ ಪ್ರತಿಯೊಬ್ಬರನ್ನೂ ಕೇಳಿ: ಜ್ವರ, ಹಾವು ಕಡಿತ, ಮೆಣಸಿನ ಏಣಿಯಿಂದ ಬಿದ್ದದ್ದು, ಹರ್ನಿಯಾ ಆಪರೇಷನ್ನಿಗೆ ಕಾಯುತ್ತಿರುವುದು. ಆಸ್ಪತ್ರೆ ಸೇರಿದ ದಿನವೇ ಅವರಿಗೆ ಮದ್ಯ ನಿಂತ ದಿನವೂ ಹೌದು.

ಮದ್ಯ ಸಿಗದ ದಿನಗಳ ಮೇಲೂ ಕಣ್ಣಿಡಿ. ಚುನಾವಣೆಯಲ್ಲಿ ಮತದಾನ ಮುಗಿಯುವ ಮುಂಚಿನ 48 ಗಂಟೆ ಅಂಗಡಿ ಮುಚ್ಚಿರುತ್ತದೆ. 2020ರ ಮಾರ್ಚ್ ಕೊನೆಯಿಂದ ಮೇ 4ರವರೆಗೆ ರಾಜ್ಯದಲ್ಲಿ ಮದ್ಯದಂಗಡಿಗಳು ಮುಚ್ಚಿದ್ದಾಗ ನಮ್ಮಂಥವರಿಗೆ ಅರಿವಾದ ಪಾಠ ಇದು. ಊರಿಗೆ ಊರೇ ಒಂದೇ ದಿನ ಕುಡಿತ ನಿಲ್ಲಿಸಿದರೆ, ಎರಡು ದಿನದೊಳಗೆ ಆಸ್ಪತ್ರೆ ಬಾಗಿಲಿಗೆ ಫಿಟ್ಸ್ ಬರುತ್ತದೆ.

ಗಡಿಯಾರ ಇಟ್ಟುಕೊಳ್ಳಿ

ಕೊನೆಯ ಗುಟುಕಿನಿಂದ ಎಣಿಸಿ. 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ಎದೆ ಹೊಡೆದುಕೊಳ್ಳುವುದು, ವಾಂತಿ, ತಳಮಳ, ನಿದ್ದೆ ಇಲ್ಲದಿರುವುದು. ಫಿಟ್ಸ್ ಬರುವುದಾದರೆ ಹೆಚ್ಚಾಗಿ 6ರಿಂದ 48 ಗಂಟೆಯ ನಡುವೆ. ಕೆಲವರಿಗೆ 12 ಗಂಟೆ ಕಳೆದ ಮೇಲೆ ಯಾರೋ ಕರೆದಂತೆ ಕೇಳಿಸುತ್ತದೆ, ಮೈಮೇಲೆ ಇರುವೆ ಹರಿದಂತಾಗುತ್ತದೆ, ಆದರೆ ಪ್ರಜ್ಞೆ ಸರಿಯಾಗಿರುತ್ತದೆ, ಊರು, ದಿನ, ಮನೆಯವರ ಗುರುತು ಎಲ್ಲ ಇರುತ್ತದೆ. ಎಲ್ಲಕ್ಕಿಂತ ಅಪಾಯದ್ದು ಡೆಲಿರಿಯಂ ಟ್ರೆಮೆನ್ಸ್, ನಾವು ಡಿ.ಟಿ. ಎನ್ನುವುದು. ಅದು 48ರಿಂದ 96 ಗಂಟೆಯ ನಡುವೆ ಬರುತ್ತದೆ. ಆಗ ಗುರುತು ತಪ್ಪುತ್ತದೆ, ಜ್ವರ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಇಲ್ಲದ್ದು ಕಾಣುತ್ತದೆ. ಚಿಕಿತ್ಸೆ ಇಲ್ಲದ ಕಾಲದಲ್ಲಿ ಡಿ.ಟಿ.ಗೆ ಸಿಕ್ಕವರಲ್ಲಿ ಮೂವರಲ್ಲಿ ಒಬ್ಬರವರೆಗೂ ಸಾಯುತ್ತಿದ್ದರು. ಈಗ ಸರಿಯಾದ ಚಿಕಿತ್ಸೆಯಲ್ಲಿ ಅದು 100ಕ್ಕೆ 5ಕ್ಕಿಂತ ಕಡಿಮೆ. ಈ ಎರಡು ಅಂಕಿಗಳ ನಡುವಿನ ಅಂತರವೇ ನಮ್ಮ ಕೆಲಸ.

"ಒಂದು ದಿನ ಕಳೀತು, ಏನೂ ಆಗ್ಲಿಲ್ಲ, ಇನ್ನು ಪರವಾಗಿಲ್ಲ" ಎಂದು ಮನೆಗೆ ಕಳಿಸುವ ತಪ್ಪು ಮಾಡಬೇಡಿ. ಮೊದಲ ದಿನದ ಶಾಂತಿಗೆ ಅರ್ಥವಿಲ್ಲ. ನಾಲ್ಕು ದಿನ ದಾಟಬೇಕು.

ಬಾಯಲ್ಲಿ ವಾಸನೆ ಇದೆ, ಆದ್ದರಿಂದ ಇದು ವಿತ್‌ಡ್ರಾಯಲ್ ಅಲ್ಲ ಎನ್ನುವುದೂ ತಪ್ಪು. ಭಾರೀ ಕುಡಿತದವರಲ್ಲಿ ರಕ್ತದಲ್ಲಿ ಮದ್ಯ ಇನ್ನೂ ಇರುವಾಗಲೇ ನಡುಕ ಶುರುವಾಗಬಹುದು.

ಅಳೆಯುವುದು ಹೇಗೆ

ವಿತ್‌ಡ್ರಾಯಲ್ ಎಷ್ಟು ಜೋರಾಗಿದೆ ಎಂದು ಅಳೆಯಲು ಸಿವಾ (CIWA-Ar) ಎಂಬ ಅಂಕಪಟ್ಟಿ ಇದೆ. ಹತ್ತು ಅಂಶ: ವಾಕರಿಕೆ ಮತ್ತು ವಾಂತಿ, ನಡುಕ, ಬೆವರು, ಆತಂಕ, ತಳಮಳ, ಚರ್ಮದ ಮೇಲೆ ಹರಿದಂತಾಗುವುದು, ಕಿವಿಗೆ ಕೇಳುವುದು, ಕಣ್ಣಿಗೆ ಕಾಣುವುದು, ತಲೆನೋವು, ದಿನ ಮತ್ತು ಸ್ಥಳದ ಅರಿವು. ಮೊದಲ ಒಂಬತ್ತಕ್ಕೆ ತಲಾ 7ರವರೆಗೆ, ಕೊನೆಯದಕ್ಕೆ 4ರವರೆಗೆ, ಒಟ್ಟು 67. ಎಂಟರ ಕೆಳಗೆ ಸೌಮ್ಯ, 8ರಿಂದ 15 ಮಧ್ಯಮ, ಅದರಾಚೆ ತೀವ್ರ. ಅಚ್ಚು ಹಾಕಿಸಿ ಡ್ರೆಸ್ಸಿಂಗ್ ರೂಮಿನ ಗೋಡೆಗೆ ಅಂಟಿಸಿ. ಎರಡು ಸಲ ಮಾಡಿದರೆ ಸಿಸ್ಟರ್‌ಗಳಿಗೆ ಐದೇ ನಿಮಿಷದ ಕೆಲಸ.

ನಡುಕ ನೋಡಲು ಎರಡೂ ಕೈ ಮುಂದೆ ಚಾಚಿಸಿ, ಬೆರಳು ಅಗಲಿಸಿ ಹಿಡಿಯಲು ಹೇಳಿ. ಕಾಣದಿದ್ದರೆ ಬೆರಳ ತುದಿಗೆ ನಿಮ್ಮ ಬೆರಳ ತುದಿ ತಾಗಿಸಿ, ಕಾಣದ ನಡುಕ ಕೈಗೆ ಗೊತ್ತಾಗುತ್ತದೆ. ನಾಡಿ, ರಕ್ತದೊತ್ತಡ, ಜ್ವರ, ಉಸಿರು, ಆಮ್ಲಜನಕದ ಮಟ್ಟ ಬರೆದುಕೊಳ್ಳಿ.

ಅಂಕ ಹಾಕುವ ಮೊದಲೇ ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿ. ಸಕ್ಕರೆ ಇಳಿದವರೂ ಬೆವರುತ್ತಾರೆ, ನಡುಗುತ್ತಾರೆ, ಗೊಂದಲ ಮಾತಾಡುತ್ತಾರೆ. ತಲೆಯನ್ನು ಕೈಯಿಂದ ಸವರಿ ನೋಡಿ, ಊತ ಇದೆಯೇ, ಕೂದಲಲ್ಲಿ ರಕ್ತ ಒಣಗಿದೆಯೇ ಎಂದು. ಕುಡಿದು ಬಿದ್ದು ಮಿದುಳಿನ ಪದರದಲ್ಲಿ ರಕ್ತ ಕಟ್ಟಿದವರನ್ನು ವಿತ್‌ಡ್ರಾಯಲ್ ಎಂದು ಮಲಗಿಸಿದರೆ ಬೆಳಗಾಗುವುದರೊಳಗೆ ಕೈಮೀರುತ್ತದೆ. ನ್ಯುಮೋನಿಯಾ, ಮಿದುಳು ಜ್ವರ, ಲಿವರ್ ಸೋತದ್ದರ ಗೊಂದಲ, ಹೊಟ್ಟೆಯೊಳಗಿನ ರಕ್ತಸ್ರಾವ, ಇವೆಲ್ಲ ವಿತ್‌ಡ್ರಾಯಲ್‌ನ ಹಾಗೆಯೇ ಕಾಣಬಲ್ಲವು. ಎರಡೂ ಒಟ್ಟಿಗೆ ಇರಲೂಬಹುದು.

ಮನೆಯಲ್ಲೋ, ಇಲ್ಲೋ, ಹಾಸನಕ್ಕೋ

ತೀರ್ಮಾನ ಇಲ್ಲಿದೆ. ಹಿಂದೆ ಫಿಟ್ಸ್ ಅಥವಾ ಡಿ.ಟಿ. ಆದವರು, ಈಗ ಗುರುತು ತಪ್ಪುತ್ತಿರುವವರು, 15 ದಾಟಿದ ಅಂಕ, ಜ್ವರ, ಕಾಮಾಲೆ, ಹೊಟ್ಟೆಯಲ್ಲಿ ನೀರು, ರಕ್ತ ವಾಂತಿ, ತಲೆಗೆ ಪೆಟ್ಟು, ಎದೆನೋವು, ಗರ್ಭಿಣಿ, ಸಾಯುವ ಮಾತಾಡುವವರು, ಜೊತೆಗೆ ನಿದ್ದೆ ಮಾತ್ರೆಗೂ ಒಗ್ಗಿದವರು: ಇವರನ್ನು ಮನೆಯಲ್ಲಿಟ್ಟು ನೋಡಬಾರದು. ದೊಡ್ಡ ಆಸ್ಪತ್ರೆಗೆ ಕಳಿಸಿ. ನಮ್ಮ ಕಡೆ ಎಂದರೆ ತಾಲ್ಲೂಕು ಆಸ್ಪತ್ರೆ, ಮನೋವೈದ್ಯರು ಬೇಕಾದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್. ಮೂಡಿಗೆರೆ, ಕಳಸ, ಕೊಪ್ಪದ ಕಡೆಯವರಿಗೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ.

ಇವು ಯಾವುದೂ ಇಲ್ಲದೆ, ಅಂಕ 15ರೊಳಗಿದ್ದು, ಬಾಯಿಂದ ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿದ್ದರೆ ಮನೆಯಲ್ಲಿ ಮಾಡಬಹುದು, ಒಂದೇ ಷರತ್ತಿನ ಮೇಲೆ. ಕುಡಿಯದ ಒಬ್ಬರು ನಾಲ್ಕು ದಿನ ಹಗಲೂ ರಾತ್ರಿ ಜೊತೆಗಿರಬೇಕು. ಈ ಷರತ್ತು ಕಾಗದದ ಮೇಲೆ ಸುಲಭ. ಕೊಯ್ಲಿನ ಕಾಲದಲ್ಲಿ ಹೆಂಡತಿ ಬೆಳಿಗ್ಗೆ ಎಂಟಕ್ಕೆ ಬುಟ್ಟಿ ಹಿಡಿದು ಹೋದರೆ ಸಂಜೆಯೇ ಬರುವುದು. ಕೆ.ಜಿ. ಲೆಕ್ಕದ ಕೂಲಿ, ಒಂದು ದಿನ ಬಿಟ್ಟರೆ ಅಷ್ಟೂ ಹೋಯಿತು. ಆಕೆ "ಆಯ್ತು ಡಾಕ್ಟ್ರೇ, ನೋಡ್ಕೋತೀನಿ" ಎನ್ನುತ್ತಾಳೆ, ಆದರೆ ನೋಡಿಕೊಳ್ಳಲು ಆಗುವುದಿಲ್ಲ. ಅವಳ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ನಾನು ಕೂಲಿ ಲೆಕ್ಕ ಬರೆಯುವ ತೋಟದ ರೈಟರಿಗೇ ಫೋನ್ ಮಾಡಿ, ಯಾವ ಕಾಯಿಲೆ ಎಂದು ಹೇಳದೆ, "ಈ ಮನೆಗೆ ನಾಲ್ಕು ದಿನ ಒಬ್ಬರ ರಜೆ ಬೇಕು" ಎಂದು ಕೇಳುತ್ತೇನೆ. ಅದಕ್ಕೂ ಮೊದಲು ದಂಪತಿಯ ಒಪ್ಪಿಗೆ ಪಡೆಯುತ್ತೇನೆ. ರಜೆ ಸಿಗದಿದ್ದರೆ ವಾರ್ಡಿನಲ್ಲೇ ಮಲಗಿಸುತ್ತೇನೆ.

ಇನ್ನೊಂದು ವಿಷಯ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರು ಸೀಮೆಯಲ್ಲಿ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ ಇರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ, ಕರೆಂಟು, ಫೋನ್ ಎಲ್ಲ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಕಳಿಸುವ ತೀರ್ಮಾನವನ್ನು ಸಂಜೆ ನಾಲ್ಕರೊಳಗೆ ಮಾಡಿ. "ರಾತ್ರಿ ನೋಡೋಣ, ಜಾಸ್ತಿಯಾದ್ರೆ 108 ಕರೆಸೋಣ" ಎಂಬ ಮಾತು ಹಾಸನ ಪೇಟೆಗೆ ಸರಿ, ಹೆತ್ತೂರಿನ ಕಡೆಗಲ್ಲ. ಅನುಮಾನವಿದ್ದರೆ ಹಗಲಲ್ಲೇ ಕಳಿಸಿಬಿಡಿ.

ಗ್ಲೂಕೋಸ್ ಬಾಟಲಿಗಿಂತ ಮೊದಲು ಥಯಾಮಿನ್

ಸುಸ್ತಾಗಿ ಬಂದವರಿಗೆ ಮೊದಲು ಗ್ಲೂಕೋಸ್ ಏರಿಸುವುದು ನಮ್ಮಲ್ಲಿ ಬಹಳ ಹಳೆಯ ಅಭ್ಯಾಸ. ರೋಗಿಗಳೂ ಅದನ್ನೇ ಕೇಳುತ್ತಾರೆ: "ಒಂದು ಬಾಟ್ಲಿ ಹಾಕಿ ಡಾಕ್ಟ್ರೇ". ವರ್ಷಗಟ್ಟಲೆ ಕುಡಿದವರಲ್ಲಿ ಬಿ1 ಜೀವಸತ್ವ, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ಮದ್ಯ ಅದನ್ನು ಕರುಳಿನಿಂದ ಒಳಗೆ ಬಿಡುವುದಿಲ್ಲ, ಊಟವೂ ಸರಿ ಇರುವುದಿಲ್ಲ. ಸಕ್ಕರೆಯನ್ನು ಶಕ್ತಿಯಾಗಿ ಉರಿಸಲು ಮಿದುಳಿಗೆ ಥಯಾಮಿನ್ ಬೇಕು. ಉಳಿದಿದ್ದ ಚೂರುಪಾರನ್ನೂ ಗ್ಲೂಕೋಸ್ ಖರ್ಚು ಮಾಡಿಸಿದರೆ ವರ್ನಿಕೆ ಎಂಬ ಮಿದುಳಿನ ಕಾಯಿಲೆ ಬೀಳುತ್ತದೆ: ಗೊಂದಲ, ತೂರಾಡುವ ನಡಿಗೆ, ಕಣ್ಣಗುಡ್ಡೆಯ ಅದುರು ಅಥವಾ ಚಲನೆ ನಿಲ್ಲುವುದು. ಮೂರೂ ಒಟ್ಟಿಗೆ ಕಾಣುವುದು ಅಪರೂಪ, ಒಂದಿದ್ದರೂ ಅನುಮಾನ ಪಡಿ. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗುತ್ತದೆ. ಬೆಳಿಗ್ಗೆ ತಿಂದದ್ದು ಮಧ್ಯಾಹ್ನ ನೆನಪಿಲ್ಲದ, ನಲವತ್ತೈದು ವರ್ಷದ ಗಟ್ಟಿಮುಟ್ಟು ದೇಹವನ್ನು ಮನೆಯವರು ಕೈ ಹಿಡಿದು ನಡೆಸುವುದನ್ನು ನೋಡಿದವರಿಗೆ ಈ ಪ್ಯಾರಾ ಉದ್ದವಾಯಿತು ಎನಿಸುವುದಿಲ್ಲ.

ಆದ್ದರಿಂದ ವಾರ್ಡಿನಲ್ಲಿರುವವರಿಗೆ ಮೊದಲು ಥಯಾಮಿನ್ 100 ಮಿ.ಗ್ರಾಂ ಮಾಂಸಖಂಡಕ್ಕೆ ಅಥವಾ ನಿಧಾನವಾಗಿ ರಕ್ತನಾಳಕ್ಕೆ, ದಿನವೂ, ಕನಿಷ್ಠ ಮೂರು ದಿನ. ಆಮೇಲೆ ಮಾತ್ರೆ. ಮನೆಯಲ್ಲಿರುವವರಿಗೆ 100 ಮಿ.ಗ್ರಾಂ ಮಾತ್ರೆ ದಿನಕ್ಕೆ ಎರಡು ಮೂರು ಸಲ, ಕೆಲವು ವಾರ. ವರ್ನಿಕೆ ಅನುಮಾನವಿದ್ದರೆ ಈ ಪ್ರಮಾಣ ಏನೇನೂ ಸಾಲದು. ಆಗ 500 ಮಿ.ಗ್ರಾಂ ಅನ್ನು 100 ಮಿ.ಲೀ. ಸಲೈನಿನಲ್ಲಿ ಬೆರೆಸಿ ಅರ್ಧ ಗಂಟೆಯಲ್ಲಿ, ದಿನಕ್ಕೆ ಮೂರು ಸಲ ಕೊಡಬೇಕು, ಅದನ್ನು ದೊಡ್ಡ ಆಸ್ಪತ್ರೆಯಲ್ಲಿ ಮುಂದುವರಿಸಬೇಕು. ನಿಮ್ಮಲ್ಲಿರುವಷ್ಟನ್ನು ಕೊಟ್ಟೇ ಕಳಿಸಿ. ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ ಮಾತ್ರ ಇದ್ದರೆ ಅದರ ಲೇಬಲ್ ಓದಿ ಬಿ1 ಎಷ್ಟಿದೆ ನೋಡಿ, ಕೆಲವದರಲ್ಲಿ ಬಹಳ ಕಡಿಮೆ ಇರುತ್ತದೆ.

ಒಂದು ಎಚ್ಚರಿಕೆ. ಸಕ್ಕರೆ ನಿಜವಾಗಿ ಇಳಿದಿದ್ದರೆ ಥಯಾಮಿನ್ ಹುಡುಕುತ್ತ ಕೂರಬೇಡಿ. ಗ್ಲೂಕೋಸ್ ಕೊಡಿ, ಥಯಾಮಿನ್ ಜೊತೆಜೊತೆಗೇ ಕೊಡಿ.

ಡಯಾಜೆಪಾಮ್

ವಿತ್‌ಡ್ರಾಯಲ್‌ಗೆ ಮುಖ್ಯ ಔಷಧ ಇದೇ. ಮದ್ಯ ಕೂರುತ್ತಿದ್ದ ಜಾಗದಲ್ಲಿ ಕೂತು ಮಿದುಳನ್ನು ಶಾಂತಗೊಳಿಸುತ್ತದೆ, ಅದರ ಪ್ರಭಾವ ನಿಧಾನವಾಗಿ ಇಳಿಯುವುದರಿಂದ ಮಿದುಳಿಗೆ ಮತ್ತೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಕ್ಲೋರ್‌ಡಯಾಜೆಪಾಕ್ಸೈಡ್ ಇದ್ದರೆ ಅದೂ ಸರಿ.

ಎಂಟರ ಕೆಳಗಿನ ಅಂಕದವರಿಗೆ, ಹಿಂದೆ ಫಿಟ್ಸ್ ಇತಿಹಾಸ ಇಲ್ಲದಿದ್ದರೆ, ಹಲವು ಸಲ ಥಯಾಮಿನ್, ಊಟ, ನೀರು, ಧೈರ್ಯ ಇಷ್ಟೇ ಸಾಕು, ದಿನವೂ ಬಂದು ತೋರಿಸಬೇಕು. ಮಧ್ಯಮ ಅಂಕದವರಿಗೆ ನಾನು ಸಾಮಾನ್ಯವಾಗಿ ಅನುಸರಿಸುವ ಇಳಿಕೆ ಹೀಗಿದೆ: ಮೊದಲ ದಿನ 10 ಮಿ.ಗ್ರಾಂ ನಾಲ್ಕು ಸಲ. ಎರಡನೆಯ ದಿನ 10 ಮಿ.ಗ್ರಾಂ ಮೂರು ಸಲ. ಮೂರನೆಯ ದಿನ ಬೆಳಿಗ್ಗೆ 5, ಮಧ್ಯಾಹ್ನ 5, ರಾತ್ರಿ 10. ನಾಲ್ಕನೆಯ ದಿನ ಬೆಳಿಗ್ಗೆ 5, ರಾತ್ರಿ 10. ಐದನೆಯ ದಿನ ಬೆಳಿಗ್ಗೆ 5, ರಾತ್ರಿ 5. ಆರನೆಯ ದಿನ ರಾತ್ರಿ ಮಾತ್ರ 5. ಏಳನೆಯ ದಿನ ಮಾತ್ರೆ ಇಲ್ಲ. ತೂಕ, ವಯಸ್ಸು, ಕುಡಿತದ ಪ್ರಮಾಣ ನೋಡಿ ಇದು ಹೆಚ್ಚುಕಡಿಮೆ ಆಗುತ್ತದೆ.

ಮನೆಯಲ್ಲಿದ್ದರೆ ಒಂದು ದಿನದ್ದು, ಹೆಚ್ಚೆಂದರೆ ಎರಡು ದಿನದ್ದು ಮಾತ್ರೆ ಕೊಡಿ, ಅದೂ ಜೊತೆಗಿರುವವರ ಕೈಗೆ. ವಾರದ ಮಾತ್ರೆ ಒಟ್ಟಿಗೆ ಕೊಟ್ಟರೆ ಮಾತ್ರೆಯೂ ಮದ್ಯವೂ ಒಟ್ಟಿಗೆ ಹೊಟ್ಟೆಗೆ ಹೋಗುವ ಅಪಾಯ, ಆಗ ಉಸಿರೇ ನಿಲ್ಲಬಹುದು. ಕುಡಿದರೆ ಮಾತ್ರೆ ನಿಲ್ಲಿಸಿ, ಬಂದು ಹೇಳಿ, ಬೈಯುವುದಿಲ್ಲ ಎಂದು ಮೊದಲೇ ಮಾತು ಕೊಡಿ, ಆಮೇಲೆ ಆ ಮಾತು ಉಳಿಸಿಕೊಳ್ಳಿ. ಕರೆದರೆ ಏಳದಷ್ಟು ನಿದ್ದೆಯಲ್ಲಿದ್ದರೆ ಮುಂದಿನ ಮಾತ್ರೆ ಕೊಡಬಾರದು ಎಂದು ಮನೆಯವರಿಗೆ ಹೇಳಿ. ಜೀಪು, ಬೈಕು ಓಡಿಸುವಂತಿಲ್ಲ, ಮರ ಹತ್ತುವಂತಿಲ್ಲ, ಕಳೆ ಕತ್ತರಿಸುವ ಯಂತ್ರ ಮುಟ್ಟುವಂತಿಲ್ಲ.

ವಯಸ್ಸಾದವರು, ಲಿವರ್ ಕೆಟ್ಟವರು ಇವರಲ್ಲಿ ಡಯಾಜೆಪಾಮ್ ಮೈಯಲ್ಲಿ ಕೂಡಿಕೊಳ್ಳುತ್ತದೆ, ದಮ್ಮಿನವರಲ್ಲಿ ಉಸಿರನ್ನು ತಗ್ಗಿಸಬಹುದು. ಅವರಿಗೆ ಲೊರಾಜೆಪಾಮ್ 1ರಿಂದ 2 ಮಿ.ಗ್ರಾಂ, ದಿನಕ್ಕೆ ಮೂರು ನಾಲ್ಕು ಸಲ, ಆದಷ್ಟೂ ವಾರ್ಡಿನಲ್ಲಿಟ್ಟು ಕೊಡುವುದು ಒಳ್ಳೆಯದು. ಡಯಾಜೆಪಾಮ್ ಇಂಜೆಕ್ಷನ್ನನ್ನು ಮಾಂಸಖಂಡಕ್ಕೆ ಕೊಡಬೇಡಿ, ಎಷ್ಟು ಹೀರಿಕೆಯಾಗುತ್ತದೆ ಎಂದು ಹೇಳಲಾಗುವುದಿಲ್ಲ. ತಳಮಳ ಕಂಡ ಕೂಡಲೇ ಕ್ಲೋರ್‌ಪ್ರೊಮಝೀನ್ ಕೊಡುವ ಹಳೆಯ ರೂಢಿಯನ್ನೂ ಬಿಡಬೇಕು, ಅದು ಫಿಟ್ಸ್ ಬರುವ ಹೊಸ್ತಿಲನ್ನು ತಗ್ಗಿಸುತ್ತದೆ, ಅಂದರೆ ಫಿಟ್ಸ್ ಸುಲಭವಾಗಿ ಬರುತ್ತದೆ. ತಲೆನೋವಿಗೆ ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಮೀರದಿರಲಿ.

ಮನೆಯಲ್ಲಿ ನೋಡಿಕೊಳ್ಳುವವರಿಗೆ ಹೇಳಿಕೊಡುವುದು

ದೀಪ ಪೂರ್ತಿ ಆರಿಸಬೇಡಿ, ಕತ್ತಲಲ್ಲಿ ನೆರಳು ಹೆದರಿಸುತ್ತದೆ. ಟಿ.ವಿ. ಜೋರು ಬೇಡ, ನೆಂಟರ ಸಾಲು ಬೇಡ. ಮಜ್ಜಿಗೆ, ಗಂಜಿ, ಎಳನೀರು, ಓ.ಆರ್.ಎಸ್. ಸ್ವಲ್ಪಸ್ವಲ್ಪವೇ, ದಿನಕ್ಕೆ ಎರಡು ಮೂರು ಲೀಟರ್. ಕಾಫಿ ಕಡಿಮೆ ಮಾಡಿ. ಕಾಫಿ ಸೀಮೆಯಲ್ಲಿ ಇದನ್ನು ಹೇಳಿದರೆ ಮುಖ ನೋಡುತ್ತಾರೆ, ಆದರೂ ಹೇಳಿ, ನಿದ್ದೆ ಮೊದಲೇ ಇರುವುದಿಲ್ಲ. ಕತ್ತಿ, ಮಚ್ಚು, ತೋಟದ ಕೀಟನಾಶಕ ಮನೆಯಿಂದ ಹೊರಗಿಡಿ. ಇಲ್ಲದ್ದು ಕಾಣುತ್ತಿದೆ ಎಂದರೆ ವಾದ ಬೇಡ, "ನನಗೆ ಕಾಣ್ತಿಲ್ಲ, ಆದ್ರೆ ನಾನಿಲ್ಲೇ ಇದೀನಿ" ಎಂದರೆ ಸಾಕು, ಕೂಡಲೇ ಫೋನ್ ಮಾಡಿ.

ಆಶಾ ಕಾರ್ಯಕರ್ತೆ ಮೊದಲ ನಾಲ್ಕು ದಿನ ದಿನಕ್ಕೊಮ್ಮೆ ಹೋಗಿ ನಾಲ್ಕು ವಿಷಯ ನೋಡಬೇಕು: ಹೆಸರು, ದಿನ, ಊರು ಸರಿ ಹೇಳುತ್ತಾರೆಯೇ, ಚಾಚಿದ ಕೈ ನಿನ್ನೆಗಿಂತ ಹೆಚ್ಚು ನಡುಗುತ್ತಿದೆಯೇ, ಮೈ ಬಿಸಿ ಇದೆಯೇ, ತಿಂದದ್ದು ನಿಲ್ಲುತ್ತಿದೆಯೇ. ಒಂದರಲ್ಲಿ ಏರುಪೇರು ಕಂಡರೂ ಕೇಂದ್ರಕ್ಕೆ ಕರೆ.

ಫಿಟ್ಸ್ ಬಂದರೆ, ಗುರುತು ತಪ್ಪಿದರೆ

ಫಿಟ್ಸ್ ಬಂದವರನ್ನು ಎಡಮಗ್ಗುಲಿಗೆ ತಿರುಗಿಸಿ, ಬಾಯಿಗೆ ಚಮಚ ತುರುಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. ಕೇಂದ್ರದಲ್ಲಿ ಆಮ್ಲಜನಕ, ಸಕ್ಕರೆ ಪರೀಕ್ಷೆ, ಡಯಾಜೆಪಾಮ್ 10 ಮಿ.ಗ್ರಾಂ ರಕ್ತನಾಳಕ್ಕೆ ಎರಡರಿಂದ ಐದು ನಿಮಿಷದಲ್ಲಿ ನಿಧಾನವಾಗಿ. ಪಕ್ಕದಲ್ಲಿ ಉಸಿರು ಕೊಡುವ ಆಂಬು ಬ್ಯಾಗ್ ಸಿದ್ಧವಿರಲಿ. ಫಿಟ್ಸ್ ನಿಂತ ಮೇಲೂ ಕೆಲಸ ಮುಗಿದಿಲ್ಲ, ಚಿಕಿತ್ಸೆ ಸಿಗದಿದ್ದರೆ ಇವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಡಿ.ಟಿ.ಗೆ ಜಾರುತ್ತಾರೆ. ಫೆನಿಟಾಯಿನ್ ಇಲ್ಲಿ ಕಾಪಾಡುವುದಿಲ್ಲ, ಅದರ ಮೇಲೆ ಭರವಸೆ ಇಡಬೇಡಿ. ಮೈಯ ಒಂದೇ ಪಕ್ಕ ಎಳೆದ ಫಿಟ್ಸ್, ಮತ್ತೆ ಮತ್ತೆ ಬಂದ ಫಿಟ್ಸ್, 48 ಗಂಟೆ ಕಳೆದ ಮೇಲೆ ಮೊದಲ ಸಲ ಬಂದದ್ದು, ಇವಕ್ಕೆ ತಲೆಯ ಸ್ಕ್ಯಾನ್ ಬೇಕು.

ಡಿ.ಟಿ. ಎಂದು ಅನಿಸಿದರೆ 108ಕ್ಕೆ ಮೊದಲ ಕರೆ, ಹಿಮ್ಸ್‌ನ ಡ್ಯೂಟಿ ವೈದ್ಯರಿಗೆ ಎರಡನೆಯದು. ಗಾಡಿ ಬರುವವರೆಗೆ ಡಯಾಜೆಪಾಮ್ 10 ಮಿ.ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ. ಹತ್ತು ಹದಿನೈದು ನಿಮಿಷ ಉಸಿರು, ಆಮ್ಲಜನಕ ನೋಡಿ, ಶಾಂತವಾಗದಿದ್ದರೆ ಇನ್ನೊಮ್ಮೆ. ಕರೆದರೆ ಕಣ್ಣು ಬಿಡುವಷ್ಟು ಮಂಪರು ಬಂದರೆ ಸಾಕು. ಥಯಾಮಿನ್, ಸಲೈನ್ ಜೊತೆಗೆ. ಇದರ ಮೇಲೂ ಭಯಾನಕವಾದದ್ದು ಕಾಣುತ್ತಿದ್ದರೆ ಹ್ಯಾಲೊಪೆರಿಡಾಲ್ 2.5ರಿಂದ 5 ಮಿ.ಗ್ರಾಂ ಸೇರಿಸಬಹುದು, ಡಯಾಜೆಪಾಮ್ ಬದಲಿಗೆ ಅಲ್ಲ.

ಕಟ್ಟಿಹಾಕುವ ಬಗ್ಗೆ ಒಂದು ಮಾತು. ಹಗ್ಗ, ಸರಪಳಿಯಲ್ಲಿ ಬಂದವರನ್ನು ನಾನು ನೋಡಿದ್ದೇನೆ, ಮನೆಯವರು ಹೆದರಿ ಹಾಗೆ ಮಾಡಿರುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕದ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ, ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ನಿಷೇಧಿಸಿದೆ. ಅದೇ ಕಾಯ್ದೆ ಜೀವಕ್ಕೆ ಅಪಾಯವಿರುವಾಗ ಯಾವುದೇ ನೋಂದಾಯಿತ ವೈದ್ಯರಿಗೆ, ರೋಗಿಯ ನಾಮನಿರ್ದೇಶಿತ ಪ್ರತಿನಿಧಿ ಸಿಕ್ಕರೆ ಅವರ ಒಪ್ಪಿಗೆಯೊಂದಿಗೆ, 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಲು ಅವಕಾಶವನ್ನೂ ಕೊಟ್ಟಿದೆ. "ನಾನು ಮನೋವೈದ್ಯ ಅಲ್ಲ, ಮುಟ್ಟೋ ಹಾಗಿಲ್ಲ" ಎಂದು ಹಿಂದೆ ಸರಿಯಬೇಕಾಗಿಲ್ಲ.

ಮದ್ಯವಲ್ಲದ ಬೇರೆ ಚಟಗಳು

ಗಾಂಜಾ ನಿಂತರೆ ಜೀವಕ್ಕೆ ಅಪಾಯವಿಲ್ಲ. ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು ಒಂದೆರಡು ದಿನದಲ್ಲಿ ಶುರುವಾಗಿ ಸುಮಾರು ಎರಡು ವಾರದಲ್ಲಿ ತಣಿಯುತ್ತದೆ. ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಮಾತ್ರ ಬಾಯಿಬಿಟ್ಟು ಕೇಳಿ.

ಹೆರಾಯಿನ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್, ಟಪೆಂಟಡಾಲ್‌ನಂಥ ನೋವಿನ ಮಾತ್ರೆ, ಇವು ಅಫೀಮಿನ ಬಳಗ. ಆಕಳಿಕೆ, ಮೂಗು ಕಣ್ಣಲ್ಲಿ ನೀರು, ರೋಮಾಂಚನ, ಮೈಕೈ ನೋವು, ಭೇದಿ, ಅಗಲವಾದ ಕಣ್ಣಪಾಪೆ ಕಂಡರೆ ಗುರುತಿಸಬಹುದು. ಹೆರಾಯಿನ್ ಆದರೆ 8ರಿಂದ 24 ಗಂಟೆಯಲ್ಲಿ ಶುರು, ಒಂದು ವಾರದ ಆಸುಪಾಸಿನಲ್ಲಿ ಮುಗಿಯುತ್ತದೆ. ಸಾಯುತ್ತೇನೆ ಎನಿಸುವಷ್ಟು ಕಷ್ಟ, ಆದರೆ ನೀರು, ಉಪ್ಪು ಸರಿಯಾಗಿ ಕೊಟ್ಟರೆ ಸಾಯುವುದಿಲ್ಲ. ಕ್ಲೋನಿಡಿನ್ 0.1 ಮಿ.ಗ್ರಾಂ ದಿನಕ್ಕೆ ಮೂರು ಸಲ, ಪ್ರತಿ ಸಲವೂ ರಕ್ತದೊತ್ತಡ ನೋಡಿ, 90/60ಕ್ಕಿಂತ ಕೆಳಗಿದ್ದರೆ ಬೇಡ. ವಾಂತಿ, ಭೇದಿ, ನೋವಿಗೆ ಆಯಾ ಔಷಧ. ಟ್ರಮಡಾಲ್‌ನವರಿಗೆ ಫಿಟ್ಸ್ ಬರಬಹುದು ಎಂಬುದು ನೆನಪಿರಲಿ. ಬುಪ್ರೆನಾರ್ಫಿನ್ ಇದಕ್ಕೆ ಉತ್ತಮ ಔಷಧ. ಅದು ಮಾನ್ಯತೆ ಪಡೆದ ವ್ಯಸನಮುಕ್ತಿ ಕೇಂದ್ರದಲ್ಲಿ ಸಿಗುವುದು, ಅಲ್ಲಿಗೆ ಕಳಿಸಿ. ಗರ್ಭಿಣಿಯರಲ್ಲಿ ಅಫೀಮಿನ ಬಳಗವನ್ನು ಒಮ್ಮೆಲೇ ನಿಲ್ಲಿಸಲೇಬಾರದು.

ಇವರ ನಿಜವಾದ ಅಪಾಯ ವಿತ್‌ಡ್ರಾಯಲ್ ಮುಗಿದ ಮೇಲೆ. ಎರಡು ವಾರ ಬಿಟ್ಟ ದೇಹ ಹಳೆಯ ಪ್ರಮಾಣವನ್ನು ತಡೆಯುವುದಿಲ್ಲ. ಮತ್ತೆ ಅಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಇದನ್ನು ರೋಗಿಗೂ ಮನೆಯವರಿಗೂ ಮುಖಾಮುಖಿ ಹೇಳಿ.

ಆಲ್ಪ್ರಾಜೋಲಾಮ್, ನೈಟ್ರಜೆಪಾಮ್ ನಿದ್ದೆ ಮಾತ್ರೆಗೆ ಒಗ್ಗಿದವರಿಗೆ "ನಾಳೆಯಿಂದ ನಿಲ್ಸಿ" ಎನ್ನಬೇಡಿ. ಮದ್ಯದ ಹಾಗೆಯೇ ಇದರಲ್ಲೂ ಫಿಟ್ಸ್ ಬರುತ್ತದೆ. ಎರಡು ವಾರಕ್ಕೊಮ್ಮೆ ಹತ್ತರಲ್ಲೊಂದು ಭಾಗ ಇಳಿಸುತ್ತ ತಿಂಗಳುಗಟ್ಟಲೆ ಹೋಗಬೇಕು.

ಐದನೆಯ ದಿನದಿಂದ

ನಡುಕ ನಿಂತಿತು, ಊಟ ಸೇರುತ್ತಿದೆ, ಮುಖದಲ್ಲಿ ಕಳೆ ಬಂದಿದೆ. ಮನೆಯವರು ಗುಣವಾಯಿತು ಎಂದುಕೊಳ್ಳುತ್ತಾರೆ. ಈಗ ಮುಗಿದದ್ದು ವಿತ್‌ಡ್ರಾಯಲ್ ಮಾತ್ರ, ಚಟದ ಚಿಕಿತ್ಸೆ ಶುರುವಾಗುವುದು ಈಗ. ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ಕಿಗೆ ತಾರೀಖು ಹಾಕಿ ಕಳಿಸಿ. ಕುಡಿಯುವ ತುಡಿತ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳನ್ನು ಅಲ್ಲಿ ತೀರ್ಮಾನಿಸುತ್ತಾರೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ 14416 ಮತ್ತು ವ್ಯಸನಮುಕ್ತಿ ಸಹಾಯವಾಣಿ 14446, ಎರಡನ್ನೂ ಚೀಟಿಯ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ.

ಕುಡಿತ ಬಿಡಿಸುವ ಮದ್ದೆಂದು ಗೊತ್ತಿಲ್ಲದ ಹಾಗೆ ಸಾರಿಗೆ ಬೆರೆಸಿಕೊಡುವ ಪುಡಿ, ಮಾತ್ರೆಗಳ ಬಗ್ಗೆ ಮನೆಯ ಹೆಂಗಸರನ್ನು ಮೆತ್ತಗೆ ಕೇಳಿ. ಅದು ಡೈಸಲ್ಫಿರಾಮ್ ಆಗಿದ್ದರೆ, ಅದರ ಮೇಲೆ ಕುಡಿದಾಗ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ಡೈಸಲ್ಫಿರಾಮ್ ಒಳ್ಳೆಯ ಔಷಧವೇ, ಆದರೆ ತೆಗೆದುಕೊಳ್ಳುವವರಿಗೆ ಗೊತ್ತಿದ್ದು, ಅವರೇ ಒಪ್ಪಿದಾಗ ಮಾತ್ರ.

ಮತ್ತೆ ಕುಡಿದು ಬಂದರೆ? ಬರುತ್ತಾರೆ. ಅದೇ ಮೊದಲ ಪ್ರಶ್ನೆಯಿಂದ ಶುರು ಮಾಡಿ: ಕೊನೇ ಸಲ ಯಾವಾಗ ತಗೊಂಡ್ರಿ?

ಮಾಲೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಸುತ್ತಿನ ಗುರುಸ್ವಾಮಿಗಳ ಜೊತೆ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಒಮ್ಮೆ ಕೂತು ಮಾತಾಡುತ್ತೇನೆ. ದಿನಾ ಕುಡಿಯುವವರು ಮಾಲೆಗೆ ಬಂದರೆ ಒಂದು ವಾರ ಮೊದಲೇ ನಮ್ಮಲ್ಲಿಗೆ ಕಳಿಸಿ, ಅಲ್ಲಿಯವರೆಗೆ ಒಮ್ಮೆಲೇ ನಿಲ್ಲಿಸಲು ಹೇಳಬೇಡಿ, ಬಿಡುವ ದಿನದಿಂದಲೇ ಮಾತ್ರೆ ಶುರು ಮಾಡಿ ಕೊಡುತ್ತೇವೆ ಎಂದು. ಔಷಧ ತಿಂದರೆ ವ್ರತ ಕೆಡುತ್ತದೆಯೇ ಎಂದು ಮೊದಲ ಸಲ ಒಬ್ಬರು ಕೇಳಿದರು. ಹಿರಿಯ ಗುರುಸ್ವಾಮಿಯೇ ಉತ್ತರ ಕೊಟ್ಟರು: "ಸಕ್ಕರೆ ಕಾಯಿಲೆಯವ್ರು ಮಾತ್ರೆ ತಗೊಂಡೇ ಬೆಟ್ಟ ಹತ್ತಲ್ವೇನಪ್ಪ?" ಊರಲ್ಲಿ ಮದ್ಯವರ್ಜನ ಶಿಬಿರ ನಡೆಸುವವರ ಬಳಿಯೂ ಇದೇ ಮಾತಾಡಿ. ಶಿಬಿರದ ಹಿಂದಿನ ದಿನ ಸೇರುವವರ ಪಟ್ಟಿ ತರಿಸಿಕೊಳ್ಳಿ, ಹಿಂದೆ ಫಿಟ್ಸ್ ಬಂದವರನ್ನು ಬೇರೆ ಮಾಡಿ, ಉಳಿದವರಿಗೆ ಥಯಾಮಿನ್ ಶುರು ಮಾಡಿ, ಮೊದಲ ನಾಲ್ಕು ರಾತ್ರಿ ಒಬ್ಬ ಸಿಸ್ಟರ್ ಅಲ್ಲಿರುವಂತೆ ಡ್ಯೂಟಿ ಹಾಕಿ.